ನಗರಗೆರೆಗೆ ಎಷ್ಟು ಮನೆ ಬೇಕು?

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಆಂಧ್ರದ ಗಡಿಗೆ ಹತ್ತಿರವಿರುವ ಹೋಬಳಿ. ಕನ್ನಡ, ತೆಲುಗು ಎರಡೂ ಈ ಸೀಮೆಯ ಮನೆಮಾತುಗಳು. ಒಂದರಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರ ಬಂದರೆ ಇಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು ಶಾಸನಗಳೂ ಇವೆ.

ಕಲ್ಲಿನ ಮೇಲಿನ ಲಿಪಿಯನ್ನು ಓದಬಲ್ಲವರು ಕಣ್ಣಿನಿಂದಲೇ ಗುರುತಿಸುತ್ತಾರೆ. ಗಣಕಯಂತ್ರಕ್ಕೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ 'ಇಸ್ಕಿ' ಸಂಕೇತದಲ್ಲಿ ಕನ್ನಡದ 'ಕ'ಕ್ಕೂ ತೆಲುಗಿನ 'ಕ'ಕ್ಕೂ ಒಂದೇ ಸಂಖ್ಯೆ. ಒಂದೇ ಮೂಲದಿಂದ ಕವಲೊಡೆದ ಲಿಪಿಗಳಿಗೆ ಇದು ಒಪ್ಪುವ ಏರ್ಪಾಡೇ. ಆದರೆ 'ನಗರಗೆರೆ' ಎಂಬ ಏಳು ಸಂಖ್ಯೆಗಳನ್ನು ಯಾವ ಲಿಪಿಯಲ್ಲಿ ತೋರಿಸಬೇಕೆಂದು ಯಂತ್ರಕ್ಕೆ ಬೇರೆಯಾಗಿ ಹೇಳಬೇಕಿತ್ತು. ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ, ಇಂಗ್ಲಿಷಿಗೆಂದೇ ಬರೆದ ಡಾಸ್ ಕಾಲದ ಪ್ರೋಗ್ರಾಮುಗಳಲ್ಲೂ ಕನ್ನಡ ಮೂಡುತ್ತಿತ್ತು.

ಅದೇ 1991ರಲ್ಲಿ ಬಂದ ಯೂನಿಕೋಡ್ ಎರಡು ಲಿಪಿಗಳನ್ನೂ ಬೇರೆ ಬೇರೆ ಓಣಿಗಳಲ್ಲಿ ಇರಿಸಿತು. ಆದರೂ ಇಸ್ಕಿಯ ನಂಟು ಪೂರ್ತಿ ಕಡಿಯಲಿಲ್ಲ. ತೆಲುಗಿನ 'ಕ'ಕ್ಕೆ 128 ಕೂಡಿಸಿದರೆ ಕನ್ನಡದ 'ಕ' ಸಿಗುತ್ತದೆ. ಈಗ ಲಿಪಿ ಯಾವುದೆಂಬ ಗೊಂದಲವಿಲ್ಲ. ಹಾಗಾದರೆ ತೊಂದರೆ ಮುಗಿಯಿತೇ? ಇಲ್ಲ. ಅದು ಟರ್ಮಿನಲ್‌ನಲ್ಲಿ ಉಳಿದುಕೊಂಡಿತು.

ಚಿತ್ರ, ಗುಂಡಿಗಳಿಲ್ಲದೆ ಬರಿಯ ಅಕ್ಷರಗಳಲ್ಲೇ ವ್ಯವಹರಿಸುವ ಪರದೆಯೇ ಟರ್ಮಿನಲ್. ಅದು ಚದುರಂಗದ ಹಾಸಿನಂತೆ ಮನೆಗಳಾಗಿ ಹಂಚಿಹೋಗಿರುತ್ತದೆ. ಸಾಲಿಗೆ 80 ಮನೆ ಎಂಬ ರೂಢಿ ಬಂದದ್ದು ತೂತು ಕೊರೆದ ಹಳೆಯ ಕಾರ್ಡುಗಳಿಂದ. ಅಲ್ಲಿ ಕನ್ನಡವನ್ನು ಯಾರು ನೆನೆದಿದ್ದರು! 'ನಗರಗೆರೆ' ಕಣ್ಣಿಗೆ ಐದು ಅಕ್ಷರ, ಯೂನಿಕೋಡಿಗೆ ಏಳು ಸಂಕೇತ. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಸಂಕೇತಕ್ಕೆ ಮೂರರಂತೆ 21 ಬೈಟು. ಪ್ರೋಗ್ರಾಮು ಬೈಟನ್ನೇ ಎಣಿಸಿದರೆ ಐದು ಮನೆಯ ಊರಿಗೆ 21 ಮನೆ ಬಿಟ್ಟು ಮುಂದಿನ ಅಂಕಣವನ್ನು ಎಲ್ಲೋ ಇಡುತ್ತದೆ. ಒಂದಕ್ಷರ ಅಳಿಸಹೋದರೆ ಅಕ್ಷರದ ಮೂರನೆಯ ಒಂದು ಪಾಲು ಮಾತ್ರ ಅಳಿದು ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ.

ಬೈಟನ್ನಲ್ಲ, ಅಕ್ಷರವನ್ನು ಎಣಿಸು ಎಂದು ಹೇಳುವುದೇ 'ಲೊಕೇಲ್'. ಭಾಷೆ, ದೇಶ, ಸಂಕೇತ ಪದ್ಧತಿ ಇವಿಷ್ಟನ್ನು ತಿಳಿಸುವ ಸಣ್ಣ ಚೀಟಿ ಅದು. ದಿನಾಂಕದ ರೂಪ, ಅಕಾರಾದಿ ಕ್ರಮಗಳೂ ಅದರಿಂದಲೇ ತೀರ್ಮಾನವಾಗುತ್ತವೆ. ಸಿ ಭಾಷೆಗೆ 1989ರಲ್ಲಿ ಬಂದ ಅಮೆರಿಕದ ಮಾನಕ ಇದನ್ನು ಒಳಗೊಂಡಿತು. ಆದರೆ ಒಂದು ಷರತ್ತಿತ್ತು: ಪ್ರೋಗ್ರಾಮು ತಾನಾಗಿ ಕೇಳುವವರೆಗೆ ಬಳಕೆದಾರನ ಚೀಟಿಯನ್ನು ಯಂತ್ರ ಓದುವುದಿಲ್ಲ. ಬರೆದವನು ಆ ಒಂದು ಸಾಲನ್ನು ಮರೆತರೆ ಬಳಸುವವನು ಎಷ್ಟು ಸರಿಯಾಗಿ ಕನ್ನಡವೆಂದು ನಮೂದಿಸಿದ್ದರೂ ವ್ಯರ್ಥ. ದೂರದ ಯಂತ್ರಕ್ಕೆ ತಂತಿಯ ಮೂಲಕ ಸೇರಿದಾಗ ಅಲ್ಲಿ ಕನ್ನಡದ ಲೊಕೇಲ್ ಇಲ್ಲದಿದ್ದರೂ ಅಷ್ಟೇ. ಎಣಿಕೆ ಸದ್ದಿಲ್ಲದೆ ಹಳೆಯ ದಾರಿಗೆ ಮರಳುತ್ತದೆ.

ಎಲ್ಲವೂ ಸರಿಯಿದ್ದರೆ ನಗರಗೆರೆಗೆ ಐದು ಮನೆ ಸಿಗುತ್ತವೆ. ಅದರ ಜಿಲ್ಲಾ ಕೇಂದ್ರಕ್ಕೆ ಆ ಭಾಗ್ಯವಿಲ್ಲ. 'ಚಿಕ್ಕಬಳ್ಳಾಪುರ'ದಲ್ಲಿ ಅಕ್ಷರ ಆರು, ವ್ಯಂಜನ ಎಂಟು. ಒತ್ತು ಮೇಲಿನಕ್ಷರದ ಕೆಳಗೆ ಕೂರುತ್ತದೆಂಬುದನ್ನು ಅರಿಯದ ಸಾಮಾನ್ಯ ಟರ್ಮಿನಲ್ ಎಂಟು ಮನೆಗಳನ್ನಾದರೂ ಕಾದಿರಿಸಿ, ಎರಡನ್ನು ಖಾಲಿ ಬಿಡುತ್ತದೆ, ಇಲ್ಲವೇ ಒತ್ತನ್ನು ಪಕ್ಕದ ಮನೆಗೆ ತಳ್ಳುತ್ತದೆ.