ಕಲೂರಿನ ಮಾವು, ಧಾರವಾಡದ ಯುಗಾದಿ

ಕಾಕ್ಕನಾಡಿಗೆ ಬಂದು ನೆಲೆಸಿದ ಹೊಸತರಲ್ಲಿ ನಮಗೆ ಋತುಗಳ ಲೆಕ್ಕ ತಪ್ಪುತ್ತಿತ್ತು. ಹಳಗನ್ನಡ ಕಾವ್ಯದಲ್ಲಿ ಓದಿದ ಆರು ಋತುಗಳು ಇಲ್ಲಿ ಎರಡು ಮಳೆಗಳ ನಡುವೆ ಕರಗಿಹೋಗುತ್ತವೆ, ಶಿಶಿರವೆಂಬುದು ಹೆಸರಿಗಷ್ಟೇ. ಆದರೆ ಮಾವು ಮಾತ್ರ ನಮ್ಮೂರಿನಲ್ಲಿದ್ದಂತೆಯೇ ಇಲ್ಲಿಯೂ ಹೂ ಬಿಟ್ಟು, ಕೆಲವು ತಿಂಗಳು ಕಾಯಿಸಿ, ಹಣ್ಣಾಗಿ ಉದುರುತ್ತದೆ. ಮಲಯಾಳದ ಬಹುಜನಪ್ರಿಯ ಶೋಕಕವಿತೆಯೊಂದು ನಿಂತಿರುವುದು ಈ ಕೆಲವು ತಿಂಗಳುಗಳ ಅಂತರದ ಮೇಲೆಯೇ.

ಅದು ವೈಲೋಪ್ಪಿಳ್ಳಿ ಶ್ರೀಧರ ಮೇನೋನ್ ಅವರ 'ಮಾಂಬಳಂ', ಎಂದರೆ ಮಾವಿನ ಹಣ್ಣು. ಪ್ರಕಟವಾದದ್ದು 1936ರಲ್ಲಿ, 'ಮಾತೃಭೂಮಿ'ಯಲ್ಲಿ. ಕವಿ ಹುಟ್ಟಿದ್ದು 1911ರಲ್ಲಿ, ನಮ್ಮ ನೆರೆಯ ಕಲೂರಿನಲ್ಲಿ. ಬಹುಕಾಲ ಕಾದ ಮೇಲೆ ಅಂಗಳದ ಎಳೆಯ ಮಾವು ಹೂ ಬಿಟ್ಟಿದೆ. ಮಗು ಆಟಕ್ಕೆಂದು ಹೂಗೊಂಚಲನ್ನು ಮುರಿಯುತ್ತದೆ. ತಾಯಿ ಗದರುತ್ತಾಳೆ. ಹಣ್ಣು ಆಯಲು ತಾನು ಬರುವುದಿಲ್ಲವೆಂದು ಮಗು ಮುನಿಸಿನಲ್ಲಿ ಅಂದುಬಿಡುತ್ತದೆ. ಆ ಮಾತೇ ನಿಜವಾಗುತ್ತದೆ. ನಾಲ್ಕು ತಿಂಗಳ ಬಳಿಕ ಮೊದಲ ಹಣ್ಣು ಉದುರಿದಾಗ ತಾಯಿ ಅದನ್ನು ಮಗುವನ್ನು ಹೂಳಿದ ಮಣ್ಣಿಗೆ ಒಪ್ಪಿಸುತ್ತಾಳೆ. ಆಗ ತಂಗಾಳಿಯಾಗಿ ಬಂದ ಮಗುವಿನ ಪ್ರಾಣ ಅವಳನ್ನು ಅಪ್ಪುತ್ತದೆ.

ಇಲ್ಲಿ ಪ್ರಕೃತಿಯ ತಪ್ಪೇನೂ ಇಲ್ಲ ಎಂಬುದೇ ನಮ್ಮನ್ನು ಕಲಕುವ ಸಂಗತಿ. ಮರ ತನ್ನ ಕಾಲಕ್ಕೆ ಸರಿಯಾಗಿ ಫಲ ಕೊಟ್ಟಿದೆ. ಆ ನಿಷ್ಠೆಯೇ ತಾಯಿಗೆ ಇರಿತವಾಗುತ್ತದೆ.

ಅದೇ 1936ರಲ್ಲಿ ಸಮೀಪದ ಇಡಪ್ಪಳ್ಳಿಯ ಕವಿ ರಾಘವನ್ ಪಿಳ್ಳೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಗೆಳೆಯ ಚಙಂಪುಳ ಕೃಷ್ಣ ಪಿಳ್ಳೆ ಅವರಿಗಾಗಿ 'ರಮಣನ್' ಬರೆದರು. ಮಿಲ್ಟನ್ನನ 'ಲಿಸಿಡಾಸ್' ಓದಿದವರಿಗೆ ಅದರ ಗೊಲ್ಲರ ಲೋಕ ಅಪರಿಚಿತವಲ್ಲ. ಅದರ ಇಂಪಿಗೆ ನಾವೂ ಸೋತವರೇ. ಆದರೂ ಆ ಹುಲ್ಲುಗಾವಲು ಎರವಲಿನದು ಅನ್ನಿಸದಿರದು. 'ಮಾಂಬಳಂ'ನ ಅಂಗಳ ಹಾಗಲ್ಲ. ಇಡಪ್ಪಳ್ಳಿಯಿಂದ ಕಲೂರಿಗೆ ಮೆಟ್ರೋ ಹಿಡಿದರೆ ನಡುವೆ ಚಙಂಪುಳ ಪಾರ್ಕ್ ಎಂಬ ನಿಲ್ದಾಣವೇ ಇದೆ. ವೈಲೋಪ್ಪಿಳ್ಳಿಯವರ ಹೆಸರಿನ ಸಂಸ್ಕೃತಿ ಭವನವನ್ನು ನೋಡಲು ತಿರುವನಂತಪುರಕ್ಕೆ ಹೋಗಬೇಕು.

ಇತ್ತ ನಮ್ಮ ಬೇಂದ್ರೆಯವರು. ಹಲವು ಮಕ್ಕಳನ್ನು ಕಳೆದುಕೊಂಡ ತಂದೆ. 'ನೀ ಹೀಂಗ ನೋಡಬ್ಯಾಡ ನನ್ನ' ಕವಿತೆಯಲ್ಲಿ, ಮಗುವಿನ ಸಾವಿನೆದುರು, ಅವರಿಗೆ ಹಗಲಿನ ಚಂದ್ರನೂ ಶವವಾಗಿ ಕಾಣುತ್ತಾನೆ. 1963ರ 'ಕುಲವಧು' ಚಿತ್ರದಿಂದ ಮನೆಮನೆಗೂ ತಲುಪಿದ ಅವರ ಯುಗಾದಿಯ ಹಾಡನ್ನು ನಾವು ಸಂಭ್ರಮಗೀತೆಯೆಂದೇ ಹಾಡುತ್ತ ಬಂದಿದ್ದೇವೆ. ಅದರ ಒಡಲಲ್ಲಿರುವುದು ಒಂದು ದೂರು: ಮರಕ್ಕೆ ವರ್ಷವರ್ಷವೂ ಹೊಸ ಹುಟ್ಟು, ಮನುಷ್ಯನಿಗೇಕೆ ಒಂದೇ ಬಾಲ್ಯ, ಒಂದೇ ಹರೆಯ? ಬೇಂದ್ರೆ ಉತ್ತರ ಹೇಳುವುದಿಲ್ಲ, ಸನತ್ಕುಮಾರನನ್ನು ಕರೆದು ಕೇಳುತ್ತಾರೆ. ಕಲೂರಿನ ಕವಿ ಕೇಳುವುದೂ ಇಲ್ಲ; ಒಂದು ತಂಗಾಳಿಯನ್ನು ಕಳಿಸಿ ಸುಮ್ಮನಾಗುತ್ತಾರೆ. ಇವೆರಡರಲ್ಲಿ ಯಾವುದು ಹೆಚ್ಚಿನ ಭರವಸೆ ಎಂಬ ಬಗ್ಗೆ ನಮ್ಮೊಳಗೆ ಇಂದಿಗೂ ಒಮ್ಮತವಿಲ್ಲ.

ಒಂದು ಯುಗಾದಿಯಂದು, ಆ ವರ್ಷವಷ್ಟೇ ಮಗನನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು ನಮ್ಮ ಕೂಟಕ್ಕೆ ಬಂದಿದ್ದರು. ಬೇಂದ್ರೆಯವರ ಹಾಡನ್ನು ಹಾಡಲು ಯಾರಿಗೂ ಬಾಯಿ ಬರಲಿಲ್ಲ. 'ಮಾಂಬಳಂ'ನ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ತಲೆ ತಗ್ಗಿಸಿ ಕೇಳಿದ ಅವರು, ಎಲ್ಲ ಮುಗಿದ ಮೇಲೆ, "ಇನ್ನು ಯುಗಾದಿಯ ಹಾಡು ಹಾಡಿ, ಅದರಲ್ಲೂ ಆ ಪ್ರಶ್ನೆಯಿದೆಯಲ್ಲ" ಎಂದರು.