ಥ್ರಾಟಲ್ ಕೊಂಡಿ (ಗಾಳಿತಂಪಿನ ಎಂಜಿನ್)

ಚಾಲಕನ ಕಾಲಿನ ಅಥವಾ ಕೈಯ ಚಲನೆಯನ್ನು ಕಾರ್ಬ್ಯುರೇಟರಿನ ಕವಾಟಕ್ಕೆ ಮುಟ್ಟಿಸುವ ಕೇಬಲ್, ಸರಳು, ಸನ್ನೆ, ಸ್ಪ್ರಿಂಗುಗಳ ಏರ್ಪಾಟೇ ಥ್ರಾಟಲ್ ಕೊಂಡಿ. ಗ್ಯಾರೇಜಿನ ಮಾತಿನಲ್ಲಿ ‘ಎಕ್ಸಲೇಟರ್ ವೈರು’. ನೀರಿನಿಂದ ತಣಿಯುವ ಎಂಜಿನ್ನಿನ ಶಾಖ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗಾಳಿತಂಪಿನ ಎಂಜಿನ್ ಹಾಗಲ್ಲ, ಏರಿನಲ್ಲಿ ಕಾಯುತ್ತದೆ, ಇಳಿಜಾರಿನಲ್ಲಿ ಬೇಗ ಆರುತ್ತದೆ. ಕಾದ ಲೋಹ ಹಿಗ್ಗಿದಾಗ ಕೊಂಡಿಯ ಅಳತೆ ತಪ್ಪುತ್ತದೆ. ವಿನ್ಯಾಸಕಾರನ ಮುಖ್ಯ ಕಷ್ಟ ಇದೇ.

ಚಾಮರಾಜನಗರ, ಗುಂಡ್ಲುಪೇಟೆಯ ಜನಕ್ಕೆ ಗಾಳಿತಂಪಿನ ಎಂಜಿನ್ ಎಂದರೆ ಕಾರಿಗಿಂತ ಹೆಚ್ಚಾಗಿ ಬೈಕು ಮತ್ತು ಆಟೋ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳದ್ದೂ ಇದೇ ಜಾತಿ. ಅವುಗಳಲ್ಲಿ ಕೇಬಲ್ಲು ಕಾರ್ಬ್ಯುರೇಟರಿನೊಳಗಿನ ಸ್ಲೈಡನ್ನು ನೇರವಾಗಿ ಮೇಲೆತ್ತುತ್ತದೆ. ಹಿಂದೆ ಎಂಜಿನ್ ಇರುವ ಆಟೋದಲ್ಲಿ ಹ್ಯಾಂಡಲ್ಲಿನಿಂದ ಹೊರಟ ವೈರು ಗಾಡಿಯ ಉದ್ದಕ್ಕೂ ಸಾಗಬೇಕು. ಕೆಮ್ಮಣ್ಣಿನ ದೂಳು ಕವಚದೊಳಗೆ ಕೂತರೆ ವೈರು ಜಗ್ಗುತ್ತದೆ, ಬಿಟ್ಟರೆ ಹಿಂದಿರುಗದು. ಪರೀಕ್ಷೆ ಸುಲಭ: ಎಂಜಿನ್ ಕಾದ ಮೇಲೆ ಐಡ್ಲಿಂಗಿನಲ್ಲಿಟ್ಟು ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಬೇಕು. ಸದ್ದು ಏರಿದರೆ ವೈರು ಬಿಗಿಯಾಗಿದೆ, ಇಲ್ಲವೇ ಎಲ್ಲೋ ಸಿಕ್ಕಿಕೊಂಡಿದೆ.

ಕಾರುಗಳಲ್ಲಿ ಪ್ರಸಿದ್ಧ ಉದಾಹರಣೆ ಫೋಕ್ಸ್‌ವ್ಯಾಗನ್ ಬೀಟಲ್. 2003ರಲ್ಲಿ ಮೆಕ್ಸಿಕೋದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 2.1 ಕೋಟಿಗೂ ಹೆಚ್ಚು ಬೀಟಲ್‌ಗಳು ಹೊರಬಂದಿದ್ದವು. ಪೆಡಲಿನಿಂದ ಹೊರಟ ಕೇಬಲ್ಲು ನೆಲದ ನಡುವಿನ ಸುರಂಗದಲ್ಲಿ ಹಾದು, ಫ್ಯಾನಿನ ಕವಚವನ್ನು ಕೊಳವೆಯೊಂದರ ಮೂಲಕ ದಾಟಿ ಕಾರ್ಬ್ಯುರೇಟರನ್ನು ಸೇರುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗಲೂ ಥ್ರಾಟಲ್ ಸನ್ನೆಗೂ ಅದರ ತಡೆಗೂ ನಡುವೆ ಸುಮಾರು 1 ಮಿ.ಮೀ. ಬಿಡುವು ಇರಬೇಕು. ಇಲ್ಲದಿದ್ದರೆ ಕಾಲಿನ ಭಾರವೆಲ್ಲ ಕೇಬಲ್ಲಿನ ಮೇಲೆ ಬಿದ್ದು ಅದು ತುಂಡಾಗುತ್ತದೆ.

ಎರಡು ಕಾರ್ಬ್ಯುರೇಟರ್ ಕೂರಿಸಿದಾಗ ಲೆಕ್ಕ ಬಿಗಿಯಾಗುತ್ತದೆ. ಬೀಟಲ್‌ನ ಸಿಲಿಂಡರುಗಳು ಎಡಬಲಕ್ಕೆ ಮಲಗಿರುವುದರಿಂದ ಎಂಜಿನ್ ಕಾದಂತೆ ಎರಡೂ ಕಾರ್ಬ್ಯುರೇಟರುಗಳು ಪರಸ್ಪರ ದೂರ ಸರಿಯುತ್ತವೆ. ಅವುಗಳ ನಡುವಿನ ಅಂತರ 500 ಮಿ.ಮೀ., ಶಾಖದ ಏರಿಕೆ 80 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ ಹಗುರ ಮಿಶ್ರಲೋಹದ ಎಂಜಿನ್ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಎರಡೂ ಕಾರ್ಬ್ಯುರೇಟರುಗಳ ಸನ್ನೆಗಳನ್ನು ಜೋಡಿಸುತ್ತ ಮೇಲೆ ಗಾಳಿಯಲ್ಲಿರುವ ಉಕ್ಕಿನ ಅಡ್ಡ ಸರಳು 30 ಡಿಗ್ರಿಯಷ್ಟೇ ಕಾದರೆ ಅದರ ಹಿಗ್ಗು 0.2 ಮಿ.ಮೀ. ಕೂಡ ಆಗದು. ಉಳಿದ 0.8 ಮಿ.ಮೀ. ವ್ಯತ್ಯಾಸ 30 ಮಿ.ಮೀ. ಉದ್ದದ ಸನ್ನೆಯನ್ನು ಒಂದೂವರೆ ಡಿಗ್ರಿ ತಿರುಗಿಸುತ್ತದೆ. ಐಡ್ಲಿಂಗಿನಲ್ಲಿ ಚಿಟ್ಟೆ ಕವಾಟ (ಕಾರ್ಬ್ಯುರೇಟರಿನ ಗಾಳಿದಾರಿಯಲ್ಲಿ ಹೊರಳುವ ತಟ್ಟೆ) ತೆರೆದಿರುವುದೇ ಕೆಲವೇ ಡಿಗ್ರಿ. ಅಲ್ಲಿ ಇದು ದೊಡ್ಡ ತಪ್ಪು. ಒಂದು ಬದಿ ಹೆಚ್ಚು ಉಸಿರಾಡುತ್ತದೆ, ಇನ್ನೊಂದು ಕಡಿಮೆ. ಬೆಳಗ್ಗೆ ತಣ್ಣಗಿದ್ದಾಗ ಸರಿಹೊಂದಿಸಿದ ಎಂಜಿನ್ ಗೂಡಲೂರಿನ ಘಟ್ಟ ಹತ್ತುವಷ್ಟರಲ್ಲಿ ಹದ ತಪ್ಪುವುದು ಹೀಗೆ.

ಇದಕ್ಕೆ ಮದ್ದು ಜ್ಯಾಮಿತಿಯಲ್ಲಿದೆ. ಅಡ್ಡ ಸರಳು ಎಳೆಯುವ, ತಳ್ಳುವ ಬದಲು ತನ್ನ ಅಕ್ಷದ ಮೇಲೆ ಹೊರಳಬೇಕು; ಅದರಿಂದ ಸಣ್ಣ ಕಡ್ಡಿಗಳು ನೆಟ್ಟಗೆ ಕೆಳಗಿಳಿದು ಸನ್ನೆಗಳನ್ನು ಹಿಡಿಯಬೇಕು. ಆಗ ಹಿಗ್ಗುವ ದಿಕ್ಕಿಗೆ ಕಡ್ಡಿಯ ಚಲನೆ ಲಂಬವಾಗುತ್ತದೆ. 100 ಮಿ.ಮೀ. ಕಡ್ಡಿಯ ತುದಿ 0.4 ಮಿ.ಮೀ. ಪಕ್ಕಕ್ಕೆ ಸರಿದರೂ ಉದ್ದದಲ್ಲಿ ಬರುವ ತಪ್ಪು 0.001 ಮಿ.ಮೀ.ಗಿಂತ ಕಡಿಮೆ. ಆದರೆ ಸರಳಿನ ಒಂದು ತುದಿ ಜಾರಲು ಎಡೆ ಬೇಕು. ಎರಡೂ ತುದಿ ಬಿಗಿದರೆ ಮೊದಲಿನ ತೊಂದರೆಯೇ ಮರಳುತ್ತದೆ. ಹೊಂದಾಣಿಕೆಯನ್ನಂತೂ ಎಂಜಿನ್ ಚೆನ್ನಾಗಿ ಕಾದ ಮೇಲೆಯೇ ಮಾಡಬೇಕು.

ಚಿಟ್ಟೆ ಕವಾಟ ಅರ್ಧ ತೆರೆಯುವಷ್ಟರಲ್ಲೇ ಬಹುಪಾಲು ಗಾಳಿಯನ್ನು ಒಳಬಿಡುತ್ತದೆ. ಆದ್ದರಿಂದ ಪೆಡಲಿನ ಮೊದಲ ಒತ್ತಿಗೆ ಕವಾಟ ಸ್ವಲ್ಪವೇ, ಕೊನೆಯ ಒತ್ತಿಗೆ ಹೆಚ್ಚು ತಿರುಗುವಂತೆ ಸನ್ನೆಗಳ ಕೋನವನ್ನು ಆಯ್ದುಕೊಳ್ಳುತ್ತಾರೆ.

ಹಿಂದೆಳೆಯುವ ಸ್ಪ್ರಿಂಗುಗಳು ಎರಡಿರಬೇಕು, ಅದರಲ್ಲೂ ಒಂದೊಂದು ಕವಾಟದ ದಂಡಕ್ಕೇ ಒಂದೊಂದು ಸ್ಪ್ರಿಂಗು ನೇರವಾಗಿ ಸೇರಿರಬೇಕು. ಬಂಡೀಪುರ ದಾಟಿ ಮಸಿನಗುಡಿಯ ಮೇಲಿನ ಕಲ್ಲಟ್ಟಿ ಘಟ್ಟದ 36 ಹಿಮ್ಮುರಿ ತಿರುವುಗಳಲ್ಲಿ ಕಡ್ಡಿಯೊಂದು ಕಳಚಿಬಿದ್ದರೂ ಆ ಬದಿಯ ಕವಾಟ ಆಗ ತಾನಾಗಿ ಮುಚ್ಚಿಕೊಳ್ಳುತ್ತದೆ.