ಅಂಗಡಿಯೋ ಉಗ್ರಾಣವೋ: ಸೂಪರ್‌ಬಜಾರ್ ನೌಕರನ ಪರಿಹಾರಾರ್ಹತೆಯ ಚರಿತ್ರೆ

ಕಾರ್ಮಿಕರ ನಷ್ಟಪರಿಹಾರ ಕಾಯಿದೆಯು 1923ರಲ್ಲಿ ಅಂಗೀಕೃತವಾಗಿ 1924ರ ಜುಲೈ 1ರಿಂದ ಜಾರಿಗೆ ಬಂದಿತು. ಮಾಲೀಕನ ತಪ್ಪನ್ನು ಸಾಬೀತುಪಡಿಸದೆಯೇ, ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಉಂಟಾದ ಅಪಘಾತಕ್ಕೆ ಪರಿಹಾರ ಪಡೆಯಬಹುದೆಂಬುದು ಅದರ ತಿರುಳು. ಆದರೆ ಪಡೆಯುವವನು ಯಾರು ಎಂಬುದನ್ನು ನಿರ್ಧರಿಸಿದ್ದು ಕಾಯಿದೆಯ ಎರಡನೆಯ ಅನುಸೂಚಿ. ಕಾರ್ಖಾನೆ, ಗಣಿ, ಬಂದರು, ಕಟ್ಟಡ ಕಾಮಗಾರಿ ಮೊದಲಾದ ಕಡೆಗಳ ಕೆಲಸಗಳು ಅಲ್ಲಿ ಸೇರಿದವು. ಅಪಾಯವೆಂಬುದು ಯಂತ್ರದ ಬಳಿ ಇರುತ್ತದೆ, ತಕ್ಕಡಿಯ ಬಳಿ ಅಲ್ಲ ಎಂಬ ಗ್ರಹಿಕೆಯೇ ಈ ಪಟ್ಟಿಯ ಹಿಂದೆ ಕೆಲಸ ಮಾಡಿದೆ.

ಈ ಗ್ರಹಿಕೆಗೆ ಸವಾಲಾಗಿ ಬಂದದ್ದು ಬೃಹತ್ ಅಂಗಡಿ. ದೆಹಲಿಯಲ್ಲಿ ಸೂಪರ್ ಬಜಾರ್ 1966ರಲ್ಲಿ, ರೂಪಾಯಿಯ ಅಪಮೌಲ್ಯದ ಬೆನ್ನಲ್ಲೇ ಆರಂಭವಾಯಿತು. ಮುಂಬಯಿಯ ನಾಯಗಾಂವದಲ್ಲಿ ಕಾರ್ಮಿಕರು 1948ರಲ್ಲಿ ಕಟ್ಟಿದ ಗ್ರಾಹಕ ಸಹಕಾರ ಸಂಘವು 1968ರಲ್ಲಿ ಅಪನಾ ಬಜಾರ್ ಮಳಿಗೆಯನ್ನು ತೆರೆಯಿತು. ಗಿರಣಿಯ ಕೆಲಸಗಾರನು ಕಾರ್ಖಾನೆಯ ಕಾರಣದಿಂದ ಮೊದಲಿನಿಂದಲೂ ಪರಿಹಾರಕ್ಕೆ ಅರ್ಹನಾಗಿದ್ದ. ಅವನಿಗೆ ಅಕ್ಕಿ ತೂಗಿಕೊಡುವವನ ಅರ್ಹತೆ ಮಾತ್ರ ಅಷ್ಟು ಸ್ಪಷ್ಟವಾಗಿರಲಿಲ್ಲ.

ಇಂಥ ಮಳಿಗೆ ಮುಂದಿನಿಂದ ಅಂಗಡಿ, ಹಿಂದಿನಿಂದ ಉಗ್ರಾಣ. ಕಾಲಕ್ರಮದಲ್ಲಿ ಬೆಳೆದ ಅನುಸೂಚಿಯಲ್ಲಿ, ಹತ್ತು ಅಥವಾ ಹೆಚ್ಚು ಜನ ಸರಕು ಸಾಗಿಸುವ ಉಗ್ರಾಣವೂ ಐವತ್ತು ಅಥವಾ ಹೆಚ್ಚು ಜನ ಆ ಕೆಲಸ ಮಾಡುವ ಮಾರುಕಟ್ಟೆಯೂ ಸೇರಿದ್ದವು. ಮೂಟೆ ಹೊರುವವನು ಈ ಬಾಗಿಲಿನಿಂದ ಒಳಬರಬಹುದಾಗಿತ್ತು. ಪಕ್ಕದಲ್ಲೇ ಕುಳಿತು ಹಣ ಎಣಿಸುವವನಿಗೆ ಆ ದಾರಿಯಿರಲಿಲ್ಲ. ಅನುಸೂಚಿಯ ಹಲವು ಬಾಬುಗಳು ಗುಮಾಸ್ತೆಯ ಕೆಲಸವನ್ನು ಸ್ಪಷ್ಟವಾಗಿಯೇ ಹೊರಗಿಟ್ಟಿದ್ದವು. ಒಂದೇ ಕಪಾಟು ಉರುಳಿ ಇಬ್ಬರ ಕಾಲೂ ಮುರಿದರೆ, ಮೂಳೆಗಿಂತ ಹುದ್ದೆಯ ಹೆಸರೇ ಮುಖ್ಯವಾಗುತ್ತಿತ್ತು. ಹೊರನಾಡ ಕನ್ನಡಿಗರ ಹೋಟೆಲುಗಳಲ್ಲಿಯೂ ಇದೇ ವಿಚಿತ್ರ: ವಿದ್ಯುತ್ತು ಅಥವಾ ಅನಿಲ ಬಳಸುವ ಹೋಟೆಲಿನ ಅಡಿಗೆಯವನು ಅನುಸೂಚಿಯಲ್ಲಿದ್ದಾನೆ, ಆ ಬಾಬಿನಲ್ಲಿ ಮಾಣಿಯ ಹೆಸರಿಲ್ಲ.

ಅಂಗಡಿಯ ನೌಕರನಿಗೆ ಅಗಲವಾದ ದಾರಿ ತೆರೆದದ್ದು 1948ರ ನೌಕರರ ರಾಜ್ಯ ವಿಮಾ ಕಾಯಿದೆ. ಅದು ಮೊದಲು ಕಾರ್ಖಾನೆಗಳಿಗೆ ಅನ್ವಯಿಸಿ, ಬಳಿಕ ಸರಕಾರದ ಅಧಿಸೂಚನೆಗಳ ಮೂಲಕ ಅಂಗಡಿ, ಹೋಟೆಲುಗಳಿಗೂ ವಿಸ್ತರಿಸಿತು. ‘ಅಂಗಡಿ’ ಎಂದರೇನೆಂಬ ವಾದಗಳು ಆಗ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದವು. ಜಯಪುರದ ಹಿಂದೂ ಜಿಯಾ ಬ್ಯಾಂಡಿನ ಮೊಕದ್ದಮೆಯಲ್ಲಿ (1987) ಮದುವೆಯ ವಾದ್ಯಮೇಳದ ಕಚೇರಿಯೂ, ಕೊಚ್ಚಿನ್ ಶಿಪ್ಪಿಂಗ್ ಮೊಕದ್ದಮೆಯಲ್ಲಿ (1992) ಹಡಗು ವ್ಯವಹಾರದ ಕಚೇರಿಯೂ ಅಂಗಡಿಯೆನಿಸಿದವು. ಸರಕಷ್ಟೇ ಅಲ್ಲ, ಸೇವೆ ಮಾರುವುದೂ ಅಂಗಡಿಯೇ ಎಂದ ಮೇಲೆ ಸೂಪರ್‌ಬಜಾರಿನ ಬಗ್ಗೆ ಸಂಶಯಕ್ಕೆಡೆಯಿಲ್ಲ. ಇಲ್ಲಿ ಗುಮಾಸ್ತೆ–ಹಮಾಲ ಭೇದವೂ ಇರಲಿಲ್ಲ. ಭೇದವಿದ್ದದ್ದು ವೇತನದ ಮಿತಿಯಲ್ಲಿ. 2017ರ ಜನವರಿಯಿಂದ ಆ ಮಿತಿ ತಿಂಗಳಿಗೆ 21,000 ರೂಪಾಯಿ. ವಿಮೆಯ ವ್ಯಾಪ್ತಿಯಲ್ಲಿರುವವನು ಮಾಲೀಕನ ಮೇಲೆ ಪ್ರತ್ಯೇಕವಾಗಿ ನಷ್ಟಪರಿಹಾರದ ದಾವೆ ಹೂಡುವಂತಿಲ್ಲವೆಂದು ಟ್ರೆಹಾನ್ ಪ್ರಕರಣದಲ್ಲಿ (1996) ತೀರ್ಮಾನವಾಯಿತು. ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿತೆಂಬುದನ್ನು ನಮ್ಮ ಕಾರ್ಮಿಕ ಚರಿತ್ರೆಗಳು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಅಭಿಪ್ರಾಯ.

1923ರ ಕಾಯಿದೆಯಲ್ಲಿ ಗುಮಾಸ್ತೆಯ ಮೇಲಿದ್ದ ನಿರ್ಬಂಧ ತೆಗೆದದ್ದು 2009ರ ತಿದ್ದುಪಡಿ. 2010ರ ಜನವರಿ 18ರಿಂದ ಅದು ಜಾರಿಯಾಯಿತು. ಹೆಸರಿನಲ್ಲಿಯೂ ‘ಕಾರ್ಮಿಕ’ ಹೋಗಿ ‘ನೌಕರ’ ಬಂದ. ಕನ್ನಡದಲ್ಲಿ ಇವು ಪರ್ಯಾಯ ಪದಗಳಲ್ಲ: ಕಾರ್ಮಿಕನಿಗೆ ಮೈಬೆವರಿನ ವಾಸನೆಯಿದೆ, ನೌಕರನಿಗೆ ಸಂಬಳದ ಪುಸ್ತಕವಿದೆ. ‘ಅಂಗಡಿ ಹುಡುಗ’ ಎಂದು ನಾವು ಕರೆಯುವವನು ಎರಡರಲ್ಲಿಯೂ ಸಲ್ಲದೆ ಎಂಬತ್ತೈದು ವರ್ಷ ನಡುವೆ ನಿಂತಿದ್ದ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ (2020) ಈ ಎರಡೂ ಕಾಯಿದೆಗಳ ಸ್ಥಾನವನ್ನು ಪಡೆದಿದೆ. ಮನೆಯಿಂದ ಕೆಲಸಕ್ಕೆ ಬರುವ ದಾರಿಯ ಅಪಘಾತವನ್ನೂ, ಕೆಲಸದೊಂದಿಗೆ ಅದಕ್ಕೆ ಸಂಬಂಧ ಕಂಡುಬಂದಲ್ಲಿ, ಅದು ಒಳಗೊಳ್ಳುತ್ತದೆ. ಗುತ್ತಿಗೆದಾರನ ಆಳಿಗೆ ಮುಖ್ಯ ಮಾಲೀಕನೂ ಹೊಣೆಯೆಂಬ 1923ರ ತತ್ತ್ವವೂ ಉಳಿದಿದೆ. ಆದರೆ ಆ ಹೊಣೆ, ಗುತ್ತಿಗೆಗೆ ಕೊಟ್ಟ ಕೆಲಸ ಮಾಲೀಕನ ವ್ಯಾಪಾರದ ಭಾಗವಾಗಿದ್ದಾಗ ಮಾತ್ರ. ಸಾಬೂನು ಕಂಪೆನಿ ಕಳುಹಿಸಿದ ಯುವತಿ ಮಳಿಗೆಯಲ್ಲಿ ತನ್ನ ಕಂಪೆನಿಯ ಸರಕನ್ನಷ್ಟೇ ಜೋಡಿಸುವಾಗ ಏಣಿಯಿಂದ ಬಿದ್ದರೆ, ಅವಳು ಮಾಡುತ್ತಿದ್ದುದು ಯಾರ ವ್ಯಾಪಾರ?